ನಿಮಿಷಕ್ಕೆ ಮೂರು ಹಪ್ಪಳ

ಕಮ್ಮರಡಿಯ ಸುಂದರೇಶ್ ಮೇಷ್ಟ್ರಿಗೆ ನಾಲ್ಕು ಜನರ ಎದುರು ಹೇಳಿಕೊಳ್ಳುವಂಥ ಕಷ್ಟ ಯಾವುದೂ ಇರಲಿಲ್ಲ. ಇದ್ದದ್ದು ಒಂದೇ ಕೊರಗು. ಕೊಪ್ಪದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಡೆರಿವೇಟಿವ್ ಮತ್ತು ಇಂಟಿಗ್ರಲ್ ಪಾಠ ಮಾಡುತ್ತಿದ್ದರೂ, ಅವೆರಡಕ್ಕೂ ಅರ್ಥದಲ್ಲಿ ಏನು ವ್ಯತ್ಯಾಸ ಅಂತ ಒಂದು ನರಪಿಳ್ಳೆಯೂ ಅವರನ್ನು ಕೇಳಿರಲಿಲ್ಲ. ಹುಡುಗರು ಸೂತ್ರ ಉರು ಹೊಡೆಯುತ್ತಿದ್ದರು, ಲೆಕ್ಕ ಬಿಡಿಸುತ್ತಿದ್ದರು, ನೂರಕ್ಕೆ ತೊಂಬತ್ತು ತೆಗೆದು ಪೇಡೆ ಕೊಟ್ಟು ಕಾಲಿಗೆ ಬಿದ್ದು ಹೋಗುತ್ತಿದ್ದರು. "ಸರ್, ಇದರ ಅರ್ಥ ಏನು?" ಅಂತ ಮಾತ್ರ ಯಾರೂ ಬಾಯಿ ಬಿಡಲಿಲ್ಲ. (ಒಬ್ಬ ಕೇಳಿದ್ದ. ವಿಚಾರಿಸಿದರೆ ಅವನು ಕ್ಲಾಸು ತಪ್ಪಿ ಬಂದು ಕೂತಿದ್ದ ಕಾಮರ್ಸ್ ಹುಡುಗ.)

ಇಂಥ ಮೇಷ್ಟ್ರಿಗೆ ಮನೆಯೊಳಗೇ ಒಬ್ಬ ಶಿಷ್ಯೆ ಸಿಕ್ಕಿದಳು. ಅದು ಏಪ್ರಿಲ್ ಕೊನೆ, ಕಾಲೇಜಿಗೆ ರಜ. ಹೆಂಡತಿ ಅಂಬಿಕಾ ಅಡುಗೆಮನೆಯ ನೆಲದ ಮೇಲೆ ಕೂತು, ಕೈಗೆ ಎಣ್ಣೆ ಸವರಿಕೊಂಡು, ಬಲಿತ ಹಲಸಿನಕಾಯಿಯ ತೊಳೆ ಬಿಡಿಸುತ್ತಿದ್ದಳು. ಮೇಷ್ಟ್ರು ಬಾಗಿಲಿಗೆ ಒರಗಿ ನಿಂತು ಎಂದಿನಂತೆ ತಮ್ಮ ಕೊರಗನ್ನು ತೋಡಿಕೊಳ್ಳುತ್ತಿದ್ದರು. ಅವಳಿಗೆ ಸಾಕಾಗಿ ಹೋಯಿತು.

"ಅಲ್ಲ ಮಾರಾಯ್ರೇ, ಮದುವೆ ಆದಾಗಿಂದ ಅದನ್ನೇ ಕೇಳ್ತಾ ಇದ್ದೀನಿ. ಎಂತ ಅದು ಡೆರಿವೇಟಿವ್ವು, ಇಂಟಿಗ್ರಲ್ಲು? ಹೇಳಿ ಮುಗಿಸಿ ಒಮ್ಮೆ."

ಮೇಷ್ಟ್ರ ಕಣ್ಣು ತುಂಬಿ ಬಂದದ್ದೊಂದು ಬಾಕಿ.

"ನೋಡು, ನೀನು ಹಪ್ಪಳ ಒತ್ತುತ್ತಾ ಇದ್ದೀಯ ಅಂತ ಇಟ್ಕೊ. ಈ ಗಳಿಗೆಯಲ್ಲಿ ಎಷ್ಟು ಬಿರುಸಾಗಿ ಒತ್ತುತ್ತಾ ಇದ್ದೀಯ, ನಿಮಿಷಕ್ಕೆ ಎರಡಾ, ಮೂರಾ, ಅದು ಡೆರಿವೇಟಿವ್. ಬೆಳಗಿಂದ ಒತ್ತಿದ್ದೆಲ್ಲ ಸೇರಿ ಚಾಪೆ ಮೇಲೆ ಎಷ್ಟಾಯ್ತು, ಅದು ಇಂಟಿಗ್ರಲ್. ಒಂದು ವೇಗ, ಇನ್ನೊಂದು ಒಟ್ಟು."

"ಅಷ್ಟೇನಾ?"

"ಅಷ್ಟೇ ಅಂದ್ರೆ! ವೇಗ ಒಂದೇ ಸಮ ಇರಲ್ಲ ಕಣೆ. ಒಂದು ಗಳಿಗೆ ಜೋರು, ಒಂದು ಗಳಿಗೆ ನಿಧಾನ, ಒಂದು ಗಳಿಗೆ ಸೊನ್ನೆ. ಅದಕ್ಕೇ ಒಂದೊಂದು ಗಳಿಗೆಯ ಚೂರನ್ನೂ ಬಿಡದೆ ಕೂಡಿಸ್ಬೇಕು. ಎಷ್ಟೇ ಸಣ್ಣ ಚೂರಾದ್ರೂ ಬಿಡೋ ಹಂಗಿಲ್ಲ. ಆವಾಗ ಮಾತ್ರ ಒಟ್ಟು ಸಿಗೋದು."

ಒಲೆಯ ಮುಂದೆ ಕೂತಿದ್ದ ಅತ್ತೆ ಸುಮಿತ್ರಮ್ಮ ಒಲೆಯ ಕಡೆಗೇ ಮುಖ ಮಾಡಿ, "ಹನಿ ಹನಿಗೂಡಿದ್ರೆ ಹಳ್ಳ ಅಂತ ನಮ್ಮಜ್ಜಿನೂ ಹೇಳ್ತಿತ್ತು" ಅಂದರು. ಈ ಸುಮಿತ್ರಮ್ಮನವರು ಪ್ರತಿವರ್ಷ ಹಪ್ಪಳದ ಕಾಲಕ್ಕೆ ಕಡಹಿನಬೈಲಿನಿಂದ ಮಗಳ ಮನೆಗೆ ಬರುತ್ತಿದ್ದರು. ಅಳಿಯನ ಮುಖ ನೋಡಿ ಮಾತಾಡುವ ಕಾಲದವರಲ್ಲ. ಇಪ್ಪತ್ನಾಲ್ಕು ವರ್ಷಗಳಲ್ಲಿ ಅವರು ಅಳಿಯನಿಗೆ ಹೇಳಬೇಕಾದದ್ದನ್ನೆಲ್ಲ ಮಗಳಿಗೋ, ಒಲೆಗೋ, ಕಂಬಕ್ಕೋ ಹೇಳಿ ಮುಗಿಸಿದ್ದರು.

"ಇದನ್ನ ಹೇಳಿಕೊಡೋಕೆ ಇಪ್ಪತ್ತಾರು ವರ್ಷ ಸಂಬಳ ಕೊಟ್ರಾ ನಿಮಗೆ?" ಅಂದಳು ಅಂಬಿಕಾ.

ಮೇಷ್ಟ್ರು ಉತ್ತರ ಹುಡುಕುವಷ್ಟರಲ್ಲಿ ಫೋನ್ ಬಂತು. ಶೃಂಗೇರಿ ಹತ್ತಿರದ ಮೆಣಸೆಯಿಂದ ಪುಟ್ಟಪ್ಪನವರು. ಮಗಳ ಮದುವೆ ಹತ್ತಿರ ಬಂದಿದೆ, ಯಾರದೋ ಮನೆಯಲ್ಲಿ ಅಂಬಿಕಾ ಮಾಡಿದ ಹಲಸಿನ ಹಪ್ಪಳ ತಿಂದಿದ್ದಾರೆ, ಮದುವೆಗೆ ಅದೇ ಆಗಬೇಕಂತೆ. ಅಂಬಿಕಾಳ ಮುಖ ಕೆಂಪಗಾಯಿತು. ಇಷ್ಟು ವರ್ಷ ಅವಳ ಹಪ್ಪಳ ನೆಂಟರ ಚೀಲದಲ್ಲಿ ಪುಕ್ಕಟೆಯಾಗಿ ಊರೂರು ಸುತ್ತಿತ್ತೇ ಹೊರತು, ಹೆಸರು ಹೇಳಿ ಬೇಕು ಅಂತ ಕೇಳಿದವರು ಇವರೇ ಮೊದಲು. ಪಕ್ಕದ ಮನೆಯ ಶಾಕಿರಾ ಮತ್ತು ಅವಳು ಇಬ್ಬರೂ ಸೇರಿ ಹಪ್ಪಳದ ಕೆಲಸ ಶುರು ಮಾಡೋಣ ಅಂತ ಎರಡು ವರ್ಷದಿಂದ ಬೇಲಿಯ ಆಚೆ ಈಚೆ ನಿಂತು ಮಾತಾಡಿಕೊಂಡದ್ದೇ ಬಂತು. ಈಗ ಅದು ಕೈಗೂಡುವ ಗಳಿಗೆ. ಪುಟ್ಟಪ್ಪನವರ ಭಾವನ ಅಂಗಡಿ ನರಸಿಂಹರಾಜಪುರದಲ್ಲಿದೆ, ಇದು ಚೆನ್ನಾಗಿ ನಡೆದರೆ ಅಲ್ಲಿಗೂ ಪ್ರತಿವರ್ಷ ಬೇಕಾಗುತ್ತದೆ ಅಂತ ಬೇರೆ ಅಂದರು.

"ಮೂರು ದಿನ ಒತ್ತಿದ್ರೆ ಎಂಟುನೂರು ಕೊಡಬಹುದು..." ಅಂಬಿಕಾ ಶುರು ಮಾಡಿದಳು.

ಮೇಷ್ಟ್ರು ಕೈ ಸನ್ನೆ ಮಾಡಿ ತಡೆದರು. "ಒಂದೈದು ನಿಮಿಷದಲ್ಲಿ ಹೇಳ್ತೀವಿ ಅನ್ನು." ಫೋನ್ ಇಡಿಸಿ, ಹಿಂದಿನ ದಿನದ ಉಳಿದ ಹಿಟ್ಟು ತರಿಸಿ, ಹಪ್ಪಳ ಒತ್ತುವ ಮಣೆಯ ಮುಂದೆ ಅವಳನ್ನು ಕೂರಿಸಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತಿದರು. ನಿಮಿಷಕ್ಕೆ ಮೂರು. ಇನ್ನೊಮ್ಮೆ ನೋಡಿದರು. ಮೂರೇ. ದಿನಕ್ಕೆ ಎರಡು ಗಂಟೆ ಒತ್ತಿದರೆ ಮುನ್ನೂರ ಅರವತ್ತು, ಮೂರು ದಿನಕ್ಕೆ ಸಾವಿರದ ಎಂಬತ್ತು. ಅವರೇ ಫೋನ್ ಹಚ್ಚಿ, "ಪುಟ್ಟಪ್ಪನವರೇ, ಸಾವಿರ ಅಂತ ಬರೆದುಕೊಳ್ಳಿ. ಗಣಿತದ ಮೇಷ್ಟ್ರು ಮಾತು ಕೊಡ್ತಿದ್ದೀನಿ" ಅಂದುಬಿಟ್ಟರು. ಮೇಲಿನ ಎಂಬತ್ತು ಮನೆಗೆ.

"ಕೈ ಸೋಲಲ್ವಾ? ಹಿಟ್ಟು ಆರಲ್ವಾ? ಎಂಟುನೂರು ಅಂದಿದ್ರೆ ಎಂತ ಆಗ್ತಿತ್ತು ನಿಮಗೆ?" ಅಂತ ಅಂಬಿಕಾ ಕೇಳಿದ್ದು ವಿಜ್ಞಾನದ ಕಿವಿಗೆ ಬೀಳಲಿಲ್ಲ.

ಸೋಮವಾರ ಬೆಳಿಗ್ಗೆ ಕಾರ್ಖಾನೆ ಶುರುವಾಯಿತು. ತೊಳೆ ಬೇಯಿಸಿ, ಉಪ್ಪು ಖಾರ ಜೀರಿಗೆ ಹಾಕಿ ಕುಟ್ಟಿ ಮುಗಿಯುವಾಗ ಹತ್ತು ಗಂಟೆ. ಹತ್ತರಿಂದ ಹನ್ನೆರಡರವರೆಗೆ ಒತ್ತುವುದು. ಸುಮಿತ್ರಮ್ಮ ಹಪ್ಪಳಕ್ಕೊಂದರಂತೆ ಹಿಟ್ಟಿನ ಉಂಡೆ ಕಟ್ಟುವುದು, ಅಂಬಿಕಾ ಮಣೆಯಲ್ಲಿ ಒತ್ತುವುದು, ಶಾಕಿರಾ ಅದನ್ನು ಚಾಪೆಗೆ ಹರಡಿ ತಮ್ಮ ಮನೆಯ ತಾರಸಿಗೆ ಹೊರುವುದು. ಮೇಷ್ಟ್ರದ್ದು ಮರಗಳ ನಡುವಿನ ಹೆಂಚಿನ ಮನೆ, ಅಂಗಳಕ್ಕೆ ಬಿಸಿಲು ಬೇಕಾದರೆ ಅರ್ಜಿ ಹಾಕಬೇಕು. ಶಾಕಿರಾಳ ಗಂಡ ಕಮಾಲುದ್ದೀನ್ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ ಇಟ್ಟವರು, ಹೋದ ವರ್ಷ ಮನೆಗೆ ತಾರಸಿ ಹಾಕಿಸಿದ್ದರು. ಬಿಸಿಲು ಅವರದ್ದು, ಹಲಸು ಇವರದ್ದು.

ಮೇಷ್ಟ್ರು ತಾವೇ ತಮಗೆ ಒಂದು ಹುದ್ದೆ ಸೃಷ್ಟಿಸಿಕೊಂಡರು: ವೇಗ ಪರಿವೀಕ್ಷಕರು. ಕೈಯಲ್ಲಿ ಮೊಬೈಲು, ಕಂಕುಳಲ್ಲಿ ನೋಟ್‌ಬುಕ್ಕು. ಐದಾರು ನಿಮಿಷಕ್ಕೊಮ್ಮೆ ಒಳಗೆ ಬಂದು ಮಣೆಯ ಪಕ್ಕ ಕುಕ್ಕರಗಾಲಲ್ಲಿ ಕೂರುವುದು. "ಒಂದು... ಎರಡು... ಮೂರು. ಭೇಷ್! ವೇಗ ಇಳಿದಿಲ್ಲ." ನೋಟ್‌ಬುಕ್ಕಿನಲ್ಲಿ ಬರೆಯುವುದು. ಆಮೇಲೆ ಕೈ ನೀಡಿ, ಸುಮಿತ್ರಮ್ಮ ಕಟ್ಟಿಟ್ಟ ಸಾಲಿನಿಂದ ಒಂದು ಉಂಡೆ ತೆಗೆದು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಬಾಯಿಗೆ ಹಾಕುವುದು.

ಹಲಸಿನ ಹಪ್ಪಳದ ಹಿಟ್ಟಿನ ರುಚಿ ಗೊತ್ತಿಲ್ಲದವರಿಗೆ ಇದನ್ನು ವಿವರಿಸಿ ಫಲವಿಲ್ಲ. ಗೊತ್ತಿದ್ದವರು ಮೇಷ್ಟ್ರನ್ನು ಇಲ್ಲಿಯವರೆಗಾದರೂ ಕ್ಷಮಿಸಿಯಾರು. ಬಿಸಿ ಹಿಟ್ಟು, ಹದ ಖಾರ, ಮೇಲೆ ಎಣ್ಣೆ! ಸಾಕ್ಷಾತ್ ಋಷಿಗಳೂ ಜಪ ಬಿಟ್ಟು ಕೈ ಚಾಚುವ ಪದಾರ್ಥ ಅದು.

"ರೀ, ಅದು ಪುಟ್ಟಪ್ಪನವರ ಹಪ್ಪಳ" ಅಂಬಿಕಾ ಮಣೆ ನಿಲ್ಲಿಸಿ ಹೇಳಿದಳು.

"ಒಂದು ಉಂಡೆ ಕಣೆ! ಸಾವಿರದ ಎದುರು ಒಂದು! ಗಣಿತದಲ್ಲಿ ಇದಕ್ಕೆ ನಗಣ್ಯ ಅಂತಾರೆ."

"ಹಂಗಂದ್ರೆ ಎಂತ ಸರ್?" ಶಾಕಿರಾ ಕೇಳಿದಳು.

"ಲೆಕ್ಕಕ್ಕೇ ಹಿಡಿಯೋದು ಬೇಡ ಅಂತ ಶಾಕಿರಾ. ಇದೆ, ಆದ್ರೆ ಇಲ್ಲ." ಹೀಗೆ ಹೇಳಿ ಅವರು ನಗಣ್ಯದ ತತ್ತ್ವವನ್ನು ಒಂದು ನಿಮಿಷ ವಿಸ್ತರಿಸಿದರು. ಮಣೆ ನಿಂತೇ ಇತ್ತು, ಮೂವರು ಹೆಂಗಸರೂ ಮರ್ಯಾದೆಗೆ ಕೈ ಕಟ್ಟಿ ಕೇಳಿದರು. ಅವರು ಎದ್ದು ಹೋಗುವಾಗ ಹಿಂದೆ ಟಣ್ ಅಂತ ಸದ್ದಾಯಿತು. ಸುಮಿತ್ರಮ್ಮ ಒಂದು ಹಲಸಿನ ಬೀಜವನ್ನು ಪಕ್ಕದ ತಗಡಿನ ಡಬ್ಬಿಗೆ ಹಾಕಿದ್ದರು. ಹಲಸು ಬಿಡಿಸುವ ಮನೆಯಲ್ಲಿ ಬೀಜ ಡಬ್ಬಿಗೆ ಬೀಳುವುದು ಸಹಜವೇ. ಮೇಷ್ಟ್ರು ಅದನ್ನು ಗಮನಿಸಲಿಲ್ಲ.

ಮತ್ತೆ ಐದು ನಿಮಿಷಕ್ಕೆ ಬಂದರು. ಮೂರು, ಭೇಷ್, ಉಂಡೆ. ಒಮ್ಮೆ ಉಪ್ಪಿನ ಬಗ್ಗೆ ಅಭಿಪ್ರಾಯ, ಒಮ್ಮೆ ಮಣೆಗೆ ಎಣ್ಣೆ ಹಚ್ಚುವ ವೈಜ್ಞಾನಿಕ ವಿಧಾನ, ಇನ್ನೊಮ್ಮೆ ಹಪ್ಪಳ ಪೂರ್ತಿ ದುಂಡಗಿಲ್ಲ ಅನ್ನುವ ಆಕ್ಷೇಪ. ಪ್ರತಿಸಲವೂ ಒಂದು ನಿಮಿಷದ ಭಾಷಣ, ಹಿಂದೆಯೇ ಟಣ್. ಎರಡನೆಯ ದಿನ ಸಂಜೆ ಕೇಳದೆಯೇ ಒಂದು ಲೋಟ ಓಮದ ನೀರು ಬಂತು. ಅತ್ತೆಗೆ ನನ್ನ ಮೇಲೆ ಎಷ್ಟು ಗೌರವ ಅಂತ ಮೇಷ್ಟ್ರು ಅದನ್ನೂ ಕುಡಿದರು. ಹೊಟ್ಟೆ ಉಬ್ಬಿದ್ದಂತೂ ನಿಜ.

"ದಿನಾ ಸಂಜೆ ಒಮ್ಮೆ ಎಣಿಸೋಣ ಅಂತೀನಿ" ಅಂದಳು ಅಂಬಿಕಾ ಅದೇ ದಿನ.

"ವೇಗ ಗೊತ್ತಿದ್ದ ಮೇಲೆ ಕೂತು ಎಣಿಸೋದು ಓದು ಬಾರದವರ ಕೆಲಸ" ಅಂದರು ಮೇಷ್ಟ್ರು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಸುಮಿತ್ರಮ್ಮ ಕಂಬದ ಕಡೆ ನೋಡಿದರು. ಅಂಬಿಕಾ ಗಂಡನ ಕಡೆ ನೋಡಿದಳು.

ಗುರುವಾರ ಸಂಜೆ ಶಾಕಿರಾಳ ತಾರಸಿಯ ಮೇಲೆ ಎಣಿಕೆ ನಡೆಯಿತು. ಒಣಗಿ ಗರಿಗರಿಯಾದ ಹಪ್ಪಳವನ್ನು ಇಪ್ಪತ್ತೈದರ ಕಟ್ಟು ಕಟ್ಟಿದರು. ಮೇಷ್ಟ್ರು ಮೊದಲೇ ಕುರ್ಚಿ ಹಾಕಿಸಿಕೊಂಡು, ಸಾವಿರದ ಎಂಬತ್ತು ಅಂತ ಬರೆದಿದ್ದ ಪುಟ ತೆರೆದು ಕೂತಿದ್ದರು. ಮೂವತ್ಮೂರು ಕಟ್ಟಾಯಿತು, ಮೇಲೆ ಹನ್ನೊಂದು ಉಳಿಯಿತು. ಚಾಪೆ ಖಾಲಿ. ಎಂಟುನೂರ ಮೂವತ್ತಾರು.

"ಸರಿಯಾಗಿ ಎಣಿಸಿ" ಅಂದರು. ಎಣಿಸಿದರು. ಎಂಟುನೂರ ಮೂವತ್ತಾರು. ತಾವೇ ಕುರ್ಚಿ ಬಿಟ್ಟು ಇಳಿದು ಎಣಿಸಿದರು. ಮೂರನೆಯ ಸಲಕ್ಕೆ ಎರಡು ಹಪ್ಪಳ ಮುರಿದವೇ ಹೊರತು ಹೆಚ್ಚಾಗಲಿಲ್ಲ. ಭಾನುವಾರ ಬೆಳಿಗ್ಗೆ ಪುಟ್ಟಪ್ಪನವರ ಜೀಪು ಬರುತ್ತದೆ. ಅಂಬಿಕಾ ಸೆರಗಿನ ತುದಿಯನ್ನು ತಿರುವುತ್ತಾ ನಿಂತಳು. ಎಂಟುನೂರು ಅಂದಿದ್ದರೆ ಈ ಹೊತ್ತಿಗೆ ಮೂವತ್ತಾರು ಹೆಚ್ಚಾಗಿ ಎಲ್ಲರೂ ಕಾಫಿ ಕುಡಿಯುತ್ತಿದ್ದರು.

ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಮೇಷ್ಟ್ರು ಅಷ್ಟೂ ಮಾಡಲಿಲ್ಲ. ಬೇರೆಯವರ ಹೆಗಲು ನೋಡಿದರು.

"ಶಾಕಿರಾ, ಸಂಜೆ ಹಪ್ಪಳ ಇಳಿಸಿ ಎಲ್ಲಿಡ್ತಿದ್ರಿ?"

"ನಮ್ಮ ನಡುಮನೇಲಿ ಸರ್. ಇಬ್ಬನಿ ಬಿದ್ರೆ ಮೆತ್ತಗಾಗ್ತವೆ ಅಂತ."

"ಮನೆಗೆ ಯಾರಾದ್ರೂ ಬಂದು ಹೋಗೋರು ಇದ್ರಾ?"

"ಯಾರೂ ಇಲ್ಲ ಸರ್. ನಾವೇ."

"ಅಲ್ಲ, ನಾನು ಯಾರನ್ನೂ ಏನೂ ಅಂತಿಲ್ಲ. ಇನ್ನೂರ ನಲವತ್ತನಾಲ್ಕು ಹಪ್ಪಳ ತಾನಾಗಿ ಹಾರಿಹೋಗಲ್ಲ. ನಮ್ಮ ಮನೆ ಬಾಗಿಲು ದಾಟೋವಾಗ ಲೆಕ್ಕ ಸರಿ ಇತ್ತು. ನಾನು ಹೇಳೋದು ಅಷ್ಟೇ."

ಯಾರನ್ನೂ ಏನೂ ಅಂತಿಲ್ಲ ಅಂತ ಶುರುವಾದ ಮಾತು ಯಾರಿಗೋ ಏನೋ ಅಂದೇ ಮುಗಿಯುತ್ತದೆ. ಹೇಳಿ ಮುಗಿಸುವ ಹೊತ್ತಿಗೆ ಮೇಷ್ಟ್ರಿಗೇ ಅದು ಗೊತ್ತಾಯಿತು. ಆದರೆ ಬಾಯಿಂದ ಹೊರಟ ಮಾತನ್ನು ಹಿಂದಕ್ಕೆ ಎಳೆದುಕೊಳ್ಳುವ ಸೂತ್ರ ಗಣಿತದಲ್ಲೂ ಇಲ್ಲ.

ಶಾಕಿರಾ ಕೆಳಗೆ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಎರಡು ದೊಡ್ಡ ಡಬ್ಬಿ ಹೊತ್ತು ಮೇಲೆ ಬಂದಳು. ಮತ್ತೆ ಹೋದಳು, ಮತ್ತೆರಡು ತಂದಳು. ಹೀಗೆ ಎಂಟು ಡಬ್ಬಿ ಸಾಲಾಗಿ ಇಟ್ಟು ಒಂದೊಂದರ ಮುಚ್ಚಳವನ್ನೂ ತೆಗೆದಳು.

"ಇದು ಅಕ್ಕಿ ಸರ್. ಇದು ಅವಲಕ್ಕಿ. ಇದು ಶ್ಯಾವಿಗೆ. ಇದು ಕಾಳುಮೆಣಸು. ಇದ್ರಲ್ಲಿ ಹಪ್ಪಳ ಇದೆ, ನೋಡಿ, ಇದು ಅಕ್ಕಿ ಹಪ್ಪಳ, ಅಂಗಡಿದು."

"ಅಯ್ಯೋ, ಇದೆಲ್ಲ ಎಂತಕ್ಕೆ ಶಾಕಿರಾ..."

"ಇಲ್ಲ ಸರ್, ಲೆಕ್ಕ ಸರಿ ಆಗ್ಬೇಕಲ್ಲ." ಅವಳ ದನಿ ಸಣ್ಣದಾಗಿತ್ತು. "ನಮ್ಮ ಮಗಳು ಅರ್ಶಿಯಾಗೆ ಎರಡು ವರ್ಷ ನೀವು ಮನೇಲಿ ಕೂರಿಸಿ ಪಾಠ ಹೇಳಿದ್ರಿ. ಒಂದು ರೂಪಾಯಿ ಮುಟ್ಟಲಿಲ್ಲ. ನಾನು ನಿಮ್ಮ ಮನೆ ಹಪ್ಪಳಕ್ಕೆ ಕೈ ಹಾಕ್ತೀನಾ ಸರ್?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಅವಳು ಬೈಯುತ್ತಾಳೆ, ಬೈಯಲಿ, ಬೈದರೆ ಬಚಾವು ಅಂದುಕೊಂಡರು. ಅಂಬಿಕಾ ಬೈಯಲಿಲ್ಲ. ಪರಿಚಯವಿಲ್ಲದ ಮನುಷ್ಯನನ್ನು ಬಸ್ಸಿನಲ್ಲಿ ನೋಡುವ ಹಾಗೆ ಒಮ್ಮೆ ನೋಡಿ ಬೇರೆ ಕಡೆ ತಿರುಗಿದಳು.

ಆಗ ಎದ್ದವರು ಸುಮಿತ್ರಮ್ಮ. ಮಂಡಿನೋವಿನ ಮುದುಕಿ, ಮೆಟ್ಟಿಲಿಳಿದು, ಬೇಲಿ ದಾಟಿ ಮನೆಗೆ ಹೋಗಿ, ಮತ್ತೆ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ತಗಡಿನ ಡಬ್ಬಿ. ಮೇಷ್ಟ್ರ ಎದುರಿಗೇ ಬಂದು ನಿಂತರು. ಮಗಳ ಕಡೆ ನೋಡಲಿಲ್ಲ, ಕಂಬದ ಕಡೆ ನೋಡಲಿಲ್ಲ. (ತಾರಸಿಯ ಮೇಲೆ ಕಂಬವೂ ಇರಲಿಲ್ಲ.) ಇಪ್ಪತ್ನಾಲ್ಕು ವರ್ಷಗಳಲ್ಲಿ ಮೊದಲ ಸಲ ಅಳಿಯನ ಮುಖವನ್ನು ನೆಟ್ಟಗೆ ನೋಡಿ ಒಂದು ಮಾತು ಹೇಳಿದರು.

"ಎಣಿಸಿ."

ಮೇಷ್ಟ್ರು ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿ ಎಣಿಸಿದರು. ಹಲಸಿನ ಬೀಜ, ಅರವತ್ತೊಂದು.

"ಇದೆಂತ ಅತ್ತೆ?"

"ನೀವು ತಿಂದ ಉಂಡೆ."

ಸುಮಿತ್ರಮ್ಮ ಖಾಲಿ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದರು.

"ತಪ್ಪು ತಿಳೀಬೇಡಿ. ಹಲಸು ಹೊಟ್ಟೆಗೆ ಭಾರ. ನಿಮಗೆ ಹೊಟ್ಟೆ ಉಬ್ಬರಿಸಿದ್ರೆ ಎಷ್ಟು ಓಮ ಹಾಕ್ಬೇಕು ಅಂತ ಗೊತ್ತಾಗ್ಲಿ ಅಂತ ಉಂಡೆಗೊಂದು ಬೀಜ ಹಾಕಿಟ್ಟೆ. ಅಳಿಯಂದ್ರ ಬಾಯಿ ಲೆಕ್ಕ ಯಾರಿಗೂ ಹೇಳಬಾರದು. ನಾನೂ ಹೇಳ್ತಿರಲಿಲ್ಲ."

ಈ ಘಟ್ಟದಲ್ಲಿ ಮಾನವಂತನಾದವನು ತಲೆ ತಗ್ಗಿಸಿ ಸುಮ್ಮನಿರಬೇಕಿತ್ತು. ಆದರೆ ಇಪ್ಪತ್ತಾರು ವರ್ಷದ ಅಭ್ಯಾಸಬಲ. ಮೇಷ್ಟ್ರ ತಲೆ ತಗ್ಗುವ ಮೊದಲೇ ಬಾಯಿ ಕಳೆಯುವ ಲೆಕ್ಕ ಮಾಡಿಬಿಟ್ಟಿತು. "ಅರವತ್ತೊಂದೇ ಅಲ್ವಾ. ಇನ್ನೂರ ನಲವತ್ತನಾಲ್ಕರಲ್ಲಿ ಅರವತ್ತೊಂದು ಹೋದ್ರೆ, ಉಳಿದ ನೂರ ಎಂಬತ್ಮೂರು?"

ಅಂಬಿಕಾ ತಿರುಗಿದಳು.

"ಒಂದೊಂದು ಉಂಡೆ ತಿನ್ನೋವಾಗ್ಲೂ ಒಂದೊಂದು ನಿಮಿಷ ಭಾಷಣ ಮಾಡಿದ್ರಲ್ಲ, ಆವಾಗ ಮಣೆ ಒತ್ತಿದ್ದು ಯಾರು?"

"ಯಾರೂ ಇಲ್ಲ."

"ನಿಮಿಷಕ್ಕೆ ಎಷ್ಟು ಹಪ್ಪಳ ಅಂದಿದ್ರಿ?"

"ಮೂರು."

"ಅರವತ್ತೊಂದು ಮೂರ್ಲಿ ಎಷ್ಟು?"

ಲೆಕ್ಕ ಕೇಳಿದರೆ ಉತ್ತರ ಕೊಡದೆ ಇರುವುದು ಆ ಜೀವಕ್ಕೆ ಗೊತ್ತಿರಲಿಲ್ಲ. "ನೂರ ಎಂಬತ್ಮೂರು" ಅಂತ ತಾನಾಗಿ ಬಾಯಿಂದ ಬಿತ್ತು.

ಎಂಟುನೂರ ಮೂವತ್ತಾರಕ್ಕೆ ಅರವತ್ತೊಂದು ಕೂಡಿ, ನೂರ ಎಂಬತ್ಮೂರು ಕೂಡಿ. ಸಾವಿರದ ಎಂಬತ್ತು. ಒಂದು ಹಪ್ಪಳ ಆಚೆ ಇಲ್ಲ, ಒಂದು ಈಚೆ ಇಲ್ಲ. ಮೇಷ್ಟ್ರು ಹಾಕಿದ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದರಲ್ಲಿದ್ದ ತಪ್ಪು ಮೇಷ್ಟ್ರು ಒಬ್ಬರೇ.

"ಚೂರು ಎಷ್ಟೇ ಸಣ್ಣದಾದ್ರೂ ಬಿಡೋ ಹಂಗಿಲ್ಲ ಅಂದಿದ್ದು ನೀವೇ ಅಲ್ವಾ?" ಅಂದಳು ಅಂಬಿಕಾ. "ಗಳಿಗೆಗಳಿಗೆಯ ವೇಗ ನೀವು ನೋಡಿದ್ರಿ. ಒಟ್ಟು ನಮ್ಮಮ್ಮ ನೋಡಿತು."

ಆಗ ಬಂತು ನಾಚಿಕೆ. ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಕುತ್ತಿಗೆ, ಆಮೇಲೆ ಮೈಯೆಲ್ಲ. ಉಂಡೆ ತಿಂದದ್ದಕ್ಕಲ್ಲ, ಲೆಕ್ಕ ಕೆಟ್ಟದ್ದಕ್ಕೂ ಅಲ್ಲ. ಮುಚ್ಚಳ ತೆರೆದ ಆ ಎಂಟು ಡಬ್ಬಿ ಎದುರಿಗೇ ಇದ್ದವಲ್ಲ, ಅದಕ್ಕೆ. ಇನ್ನೊಬ್ಬರ ಮನೆಯ ಅಕ್ಕಿ ಅವಲಕ್ಕಿಯನ್ನು ಹೀಗೆ ಹೊರಗೆ ತರಿಸಿ ನೋಡಿದವನು ತಾನು ಅಂತ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಅವಲಕ್ಕಿಯ ಮೇಲೆ ಒಂದು ಇರುವೆ ಹರಿಯುತ್ತಿತ್ತು. ಅದರ ಕಡೆ ನೋಡುವುದೂ ಅವರಿಗೆ ಕಷ್ಟವಾಯಿತು.

"ಶಾಕಿರಾ..." ಅಂದರು. ಮುಂದೆ ಮಾತು ಹೊರಡಲಿಲ್ಲ. ನಲವತ್ತೈದು ನಿಮಿಷ ತಡೆಯಿಲ್ಲದೆ ಮಾತಾಡುವ ಗಂಟಲು ಅದು!

"ಇರ್ಲಿ ಸರ್" ಅಂದಳು ಅವಳು, ಮುಚ್ಚಳ ಹಾಕುತ್ತಾ.

ಮೇಷ್ಟ್ರು ಬೇರೇನೂ ತೋಚದೆ ಡಬ್ಬಿಗಳನ್ನು ಹೊರಲು ಶುರು ಮಾಡಿದರು. ಎರಡೆರಡಾಗಿ ನಾಲ್ಕು ಸಲ ಇಳಿದು ಹತ್ತಬೇಕಿತ್ತು. ಮೂರನೆಯ ಸಲ ಇಳಿಯುವಾಗ ಅಂಗಡಿ ಮುಚ್ಚಿ ಬಂದ ಕಮಾಲುದ್ದೀನ್ ಮೆಟ್ಟಿಲ ಹತ್ತಿರ ಎದುರಾದರು. ಬಲಗೈಯಲ್ಲಿ ಅಕ್ಕಿ ಡಬ್ಬಿ, ಎಡಗೈಯಲ್ಲಿ ಶ್ಯಾವಿಗೆ ಡಬ್ಬಿ ಹಿಡಿದು ಬೆವರುತ್ತಿದ್ದ ಗಣಿತದ ಮೇಷ್ಟ್ರನ್ನು ನೋಡಿ ಅವರಿಗೆ ಆಶ್ಚರ್ಯ.

"ಎಂತ ಸರ್, ನಮ್ಮನೆ ಖಾಲಿ ಮಾಡಿಸ್ತಾ ಇದ್ದೀರಾ?"

ಮೇಷ್ಟ್ರು ಡಬ್ಬಿಗಳನ್ನು ಎದೆಗೆ ಒತ್ತಿಕೊಂಡರು. ಈಗ ಶಾಕಿರಾ ಹೇಳುತ್ತಾಳೆ, ಹೇಳಬೇಕಾದ್ದೇ. ಕಣ್ಣು ಮುಚ್ಚಿಕೊಂಡರು.

"ಡಬ್ಬಿಗಳಿಗೆ ಬಿಸಿಲು ತೋರಿಸಿದ್ವಿ" ಅಂತ ಮೇಲಿನಿಂದ ಶಾಕಿರಾಳ ದನಿ ಬಂತು. "ನಂಗೆ ಹೊರೋಕೆ ಆಗಲ್ಲ ಅಂತ ಸರ್ ಸಹಾಯ ಮಾಡ್ತಾ ಇದ್ದಾರೆ, ಪಾಪ."

"ಛೆ ಛೆ, ನಿಮಗ್ಯಾಕೆ ಸರ್ ತೊಂದ್ರೆ! ಕೊಡಿ ಇಲ್ಲಿ" ಅಂತ ಕಮಾಲುದ್ದೀನ್ ಡಬ್ಬಿ ತೆಗೆದುಕೊಂಡು, ಒಳಗೆ ಕರೆದು ಕೂರಿಸಿ, ಟೀ ಬೇರೆ ಕೊಟ್ಟರು. ಬೈಸಿಕೊಂಡು ನಾಚಿಕೊಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಉಪಚಾರ ಮಾಡಿಸಿಕೊಂಡು ನಾಚುವುದು ಬಲು ಕಷ್ಟ.

ಆ ರಾತ್ರಿ ಮನೆಯಲ್ಲಿ ಒಂದು ಗೊತ್ತುವಳಿ ಆಯಿತು. ಶುಕ್ರವಾರ ಇನ್ನೊಂದು ದಿನ ಒತ್ತುವುದು, ಶನಿವಾರ ಒಣಗಿಸುವುದು. ಮೇಷ್ಟ್ರು ಅಡುಗೆಮನೆಯ ಹೊಸ್ತಿಲು ದಾಟಕೂಡದು. ಮೊಬೈಲು, ನೋಟ್‌ಬುಕ್ಕು ಎರಡೂ ಜಪ್ತಿ. ಮೇಷ್ಟ್ರ ಕೆಲಸ ಏನಿದ್ದರೂ ಹಿತ್ತಿಲಲ್ಲಿ ಹಲಸಿನಕಾಯಿ ಕೊಯ್ದು ಹೆಚ್ಚಿ, ತೊಳೆ ಬಿಡಿಸಿ ಕೊಡುವುದು. ಅವರು ತುಟಿ ಪಿಟಕ್ಕೆನ್ನದೆ ಒಪ್ಪಿದರು.

ಶುಕ್ರವಾರ ಬೆಳಕು ಹರಿಯುವಾಗಲೇ ಹಿತ್ತಿಲಿಗಿಳಿದರು. ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕು ಅನ್ನುವುದನ್ನು ಮರೆತೇ ಮೊದಲ ಕಾಯಿಗೆ ಕತ್ತಿ ಹಾಕಿದ್ದರಿಂದ, ಮೊದಲ ಗಂಟೆಯಲ್ಲೇ ಎರಡೂ ಕೈಗೆ ಮೊಣಕೈವರೆಗೆ ಮೇಣ ಮೆತ್ತಿ, ಬೆರಳಿಗೆ ಬೆರಳು ಅಂಟಿಕೊಂಡಿತು. ಹತ್ತು ಗಂಟೆಗೆ ಒಳಗೆ ಮಣೆಯ ಸದ್ದು ಶುರುವಾಯಿತು. ಬಾಗಿಲು ಮುಚ್ಚಿತ್ತು. ಟಪ್, ಟಪ್, ಟಪ್. ನಡುವೆ ಹೆಂಗಸರ ನಗು, ಮತ್ತೆ ಟಪ್. ಒಮ್ಮೆಯೂ ನಿಲ್ಲಲಿಲ್ಲ. ಮೇಷ್ಟ್ರು ಬೇಡವೆಂದರೂ ಮನಸ್ಸಿನಲ್ಲೇ ಎಣಿಸುತ್ತಿದ್ದರು. ನಿಮಿಷಕ್ಕೆ ಮೂರು. ಎರಡು ಗಂಟೆ, ಮುನ್ನೂರ ಅರವತ್ತು. ಇವತ್ತು ವೇಗಕ್ಕೂ ಒಟ್ಟಿಗೂ ತಾಳೆ ಬಂದೇ ಬರುತ್ತದೆ. ಇಪ್ಪತ್ತಾರು ವರ್ಷದಲ್ಲಿ ಕರಿಹಲಗೆಯ ಮೇಲೆ ತೋರಿಸಲಾಗದ್ದು ಇವತ್ತು ಚಾಪೆಯ ಮೇಲೆ ಸಿದ್ಧವಾಗುತ್ತಿದೆ. ಆದರೆ ಯಾವ ಮುಖ ಹೊತ್ತು ಯಾರಿಗೆ ಹೇಳುವುದು?

ಹನ್ನೆರಡು ಹೊಡೆಯುವ ಹೊತ್ತಿಗೆ ಮಣೆ ನಿಂತಿತು. ಅಂಬಿಕಾ ಕೊನೆಯ ಚಾಪೆ ಹಿಡಿದು ತಾರಸಿಗೆ ಹೋದಳು. ಹಿತ್ತಿಲ ಬಾಗಿಲು ತೆರೆದು ಶಾಕಿರಾ ಹೊರಗೆ ಬಂದಳು. ಕೈಯಲ್ಲಿ ಬಾಳೆಲೆಯ ಚೂರು, ಅದರ ಮೇಲೆ ಒಂದು ಉಂಡೆ, ಎಣ್ಣೆ ಹಚ್ಚಿ ಮಿರಮಿರ ಅನ್ನುತ್ತಿತ್ತು.

ಮೇಷ್ಟ್ರು ಎದ್ದು ನಿಂತರು. ಬೆಳಗಿನಿಂದ ಹಲಸಿನಕಾಯಿಗಳ ಎದುರು ಅಭ್ಯಾಸ ಮಾಡಿಕೊಂಡಿದ್ದ ಮಾತು ಈಗ ಹೊರಟಿತು.

"ಶಾಕಿರಾ, ನಿನ್ನೆ ನಾನು ಅಂದಿದ್ದು ತಪ್ಪು. ಬರೀ ತಪ್ಪಲ್ಲ, ನೀಚತನ. ತಿಂದವನು ನಾನು, ಡಬ್ಬಿ ತೆರೆಸಿದ್ದು ನಿಮ್ಮ ಮನೇದು. ಅದರ ಮೇಲೆ ನೀವು ನನ್ನ ಮಾನ ಉಳಿಸಿದ್ರಿ. ನಿಮ್ಮ ಎದುರು ನಿಲ್ಲೋಕೆ ನಂಗೆ ನಾಚಿಕೆ ಆಗುತ್ತೆ."

ಶಾಕಿರಾ ನೆಲ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡಳು.

"ಬೇಜಾರಾಗಿತ್ತು ಸರ್. ಇಲ್ಲ ಅಂತ ಸುಳ್ಳು ಹೇಳಲ್ಲ. ರಾತ್ರಿ ಊಟ ಸೇರಲಿಲ್ಲ." ಸ್ವಲ್ಪ ತಡೆದು, ಎಲೆ ಮುಂದೆ ಚಾಚಿದಳು. "ತಗೊಳ್ಳಿ. ಬೆಳಗಿಂದ ಬರೀ ಮೇಣ ಮುಟ್ಟಿದ್ದೀರಿ."

"ಬೇಡ ಬೇಡ, ಶಾಕಿರಾ. ಇನ್ನು ಈ ಜನ್ಮದಲ್ಲಿ ಬೇಡ."

"ಒಂದು ಉಂಡೆ ಅಲ್ವಾ ಸರ್." ಅವಳ ತುಟಿಯ ತುದಿಯಲ್ಲಿ ನಗು ಕಂಡಿತೋ ಇಲ್ಲವೋ. "ನಗಣ್ಯ."

ಆ ಒಂದು ಪದಕ್ಕೆ ಮೇಷ್ಟ್ರ ತಲೆ ಎದೆಯವರೆಗೆ ತಗ್ಗಿತು. ಬೇಡ ಅನ್ನುವ ಯೋಗ್ಯತೆಯೂ ತಮಗೆ ಉಳಿದಿಲ್ಲ ಅನ್ನಿಸಿತು. ಕೈಗೆ ಮೇಣ ಇದ್ದದ್ದರಿಂದ ಎಲೆಗೇ ಬಾಯಿ ಹಾಕಿ, ಕರು ಹುಲ್ಲು ಕಚ್ಚಿದ ಹಾಗೆ ಉಂಡೆ ಕಚ್ಚಿಕೊಂಡರು. ರುಚಿ ಎಂದಿನದೇ. ನುಂಗುವುದು ಮಾತ್ರ ಕಷ್ಟವಾಯಿತು.

ಅಷ್ಟರಲ್ಲಿ ತಾರಸಿಯ ಮೇಲಿನಿಂದ ಅಂಬಿಕಾ ಕೂಗಿದಳು. "ಅಮ್ಮಾ! ಎಣಿಸಿದೆ! ಮುನ್ನೂರ ಐವತ್ತೊಂಬತ್ತು!"

ಮೇಷ್ಟ್ರ ಜೀವ ಚಡಪಡಿಸಿತು. ಐವತ್ತೊಂಬತ್ತಲ್ಲ, ಅರವತ್ತಾಗಬೇಕು, ಸರಿಯಾಗಿ ಎಣಿಸು, ಎಲ್ಲಿ ಹೋಯಿತು ಆ ಒಂದು ಅಂತ ಕೂಗಲು ಬಾಯಿ ತೆರೆಯಹೋದರು. ಬಾಯಿ ತುಂಬ ಹಿಟ್ಟಿತ್ತು.

ಅಡುಗೆಮನೆಯ ಒಳಗಿನಿಂದ ಸದ್ದು ಬಂತು. ಟಣ್.